ಬುಧವಾರದ ಕ್ವಾರ್ಟರ್‌ಬ್ಯಾಕ್

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಡೀನ್ ಹ್ಯಾಕೆಟ್ ತನ್ನ ಅಡುಗೆಮನೆಯಲ್ಲಿ ಕೂತು ಹ್ಯಾಲೋವೀನ್ ಹಬ್ಬಕ್ಕೆಂದು ಕುಂಬಳಕಾಯಿಯಲ್ಲಿ ಕೆತ್ತಿದ ಭೂತದ ಮುಖಕ್ಕೆ ಹಲ್ಲು ಕೊರೆಯುತ್ತಿದ್ದ. ಮೂರನೆಯ ಹಲ್ಲಿನಲ್ಲಿ ಚಾಕು ಸಿಕ್ಕಿಕೊಂಡಿತು. ಡೀನ್ ಜೋರಾಗಿ ಅದುಮಿದ. ಹಿಡಿಯ ಮೇಲಿದ್ದ ಕೈ ಜಾರಿ ಅಲಗಿನ ಮೇಲೆ ಬಂತು. ಬಲಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು.

ಬೇರೆ ಯಾರ ಹೆಬ್ಬೆರಳಾಗಿದ್ದರೂ ಬ್ರಾಸ್‌ಫೀಲ್ಡ್ ಊರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಡೀನ್ ನಮ್ಮೂರ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಈ ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದು ಕಡಿಮೆ, ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದೇ ಹೆಚ್ಚು. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಅದನ್ನು ದೂರಕ್ಕೆ ಎಸೆಯಬೇಕೋ, ಓಡುವವನಿಗೆ ಕೊಡಬೇಕೋ, ಎಲ್ಲ ಅವನ ಕೈಯಲ್ಲೇ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಹಾರ್ಕರ್ ತಂಡದ ಮೇಲೆ ಆಟವಿತ್ತು. ಹಾರ್ಕರ್ ಎಂದರೆ ಹೊಳೆಯಾಚೆಯ ಊರು. ಅವರ ಮೇಲೆ ಸೋತರೆ ನಮ್ಮೂರಿನವರು ಆರು ತಿಂಗಳು ಸೇತುವೆ ದಾಟುವುದಿಲ್ಲ, ಹಲ್ಲುನೋವು ಬಂದರೂ. ಹಲ್ಲಿನ ಡಾಕ್ಟರು ಇರುವುದು ಹಾರ್ಕರ್‌ನಲ್ಲಿ.

ಡೀನ್ ಇಲ್ಲದಿದ್ದರೆ ಆಡಬೇಕಾದವನು ವೆಂಡೆಲ್ ಕ್ರುಪಾ.

ವೆಂಡೆಲ್‌ಗೆ ಮೂವತ್ತನಾಲ್ಕು ವರ್ಷ. ಊರಿನ ಮನೆಮನೆಗೆ ಟಪಾಲು ಹಂಚುವ ಕೆಲಸ. ಒಂಬತ್ತು ವರ್ಷದಿಂದ ಅವನು ತಂಡದ ಬದಲಿ ಕ್ವಾರ್ಟರ್‌ಬ್ಯಾಕ್. ಈ ಒಂಬತ್ತು ವರ್ಷದಲ್ಲಿ ಅವನು ಮೈದಾನದಲ್ಲಿ ಇದ್ದದ್ದು ಒಟ್ಟು ಹದಿನಾಲ್ಕು ನಿಮಿಷ. ಅದೂ ಆಟ ಪೂರ್ತಿ ಕೈಬಿಟ್ಟುಹೋಗಿ, ಜನ ಎದ್ದು ಕಾರಿನ ಬೀಗದಕೈ ಹುಡುಕುತ್ತಿದ್ದಾಗ. ಅವನ ಹೆಂಡತಿ ಲೊರೇನ್ ಪ್ರತಿ ಭಾನುವಾರ ಅವನ ಆಟದ ಅಂಗಿ ಒಗೆಯುತ್ತಿದ್ದಳು. "ಕೊಳೆ ಅಂತೂ ಇರಲ್ಲ. ಆದ್ರೂ ಒಗ್ದು ಹಾಕ್ತೀನಿ. ಪಕ್ಕದ್ಮನೆಯವರು ನೋಡ್ತಾರಲ್ಲ," ಎನ್ನುತ್ತಿದ್ದಳು. ಬೇಜಾರಿನಿಂದ ಹೇಳುತ್ತಿರಲಿಲ್ಲ. ಅದೇ ವೆಂಡೆಲ್‌ಗೆ ಹೆಚ್ಚು ಬೇಜಾರು.

ಹಾಗಂತ ಅವನಿಗೆ ಕೆಲಸವಿರಲಿಲ್ಲ ಎಂದಲ್ಲ. ಬುಧವಾರ, ಗುರುವಾರ ಸಂಜೆಯ ಅಭ್ಯಾಸದಲ್ಲಿ ಅವನು ಶತ್ರುವಾಗಬೇಕಿತ್ತು. ಶನಿವಾರ ಎದುರಾಗುವ ಊರಿನ ಕ್ವಾರ್ಟರ್‌ಬ್ಯಾಕ್ ಹೇಗೆ ಆಡುತ್ತಾನೋ ಹಾಗೆಯೇ ವೆಂಡೆಲ್ ಆಡಿ ತೋರಿಸಬೇಕು. ಅವನನ್ನು ಕೆಡವಿ ಕೆಡವಿ ನಮ್ಮ ತಡೆಯುವವರು ಪಾಠ ಕಲಿಯಬೇಕು. ತಂಡದಲ್ಲಿ ಇರುವವರೇ ಇಪ್ಪತ್ತಮೂರು ಜನ. ಹಾಗಾಗಿ ಮಂಗಳವಾರ ಡೀನ್ ಜೊತೆ ನಮ್ಮ ವರಸೆಗಳನ್ನು, ಅಂದರೆ ಯಾರು ಎತ್ತ ಓಡಬೇಕು, ಚೆಂಡು ಯಾರಿಗೆ ಎಂಬ ಲೆಕ್ಕಗಳನ್ನು, ಆಡಿದವರೇ ಬುಧವಾರ ವೆಂಡೆಲ್ ಜೊತೆ ನಿಂತು ಎದುರಾಳಿಯ ವರಸೆಗಳನ್ನು ಆಡುತ್ತಿದ್ದರು. ವೆಂಡೆಲ್ ಇದರಲ್ಲಿ ಪಳಗಿಬಿಟ್ಟಿದ್ದ. ಒಂದು ವಾರ ಕುಂಟುತ್ತಿದ್ದ, ಒಂದು ವಾರ ಎಡಗೈಯಲ್ಲಿ ಎಸೆಯುತ್ತಿದ್ದ, ಒಂದು ವಾರ ಎಸೆಯುವ ಮುಂಚೆ ಮೂಗು ಒರೆಸಿಕೊಳ್ಳುತ್ತಿದ್ದ. ಶುಕ್ರವಾರ ಒಂದು ದಿನ ವೆಂಡೆಲ್ ಆಗಿರುತ್ತಿದ್ದ. ಅವತ್ತು ಅಭ್ಯಾಸವಿರುತ್ತಿರಲಿಲ್ಲ.

ಒಂಬತ್ತು ಗಂಟೆಗೆ ಅವನು ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುತ್ತಿದ್ದಾಗ ಕೋಚ್ ಸ್ಟೋಲ್ಟ್ಸ್ ಫೋನು ಮಾಡಿದರು.

"ವೆಂಡೆಲ್, ಇವತ್ತು ನೀನೇ."

"ಏನು ಮಾಡ್ಬೇಕು ಕೋಚ್?"

"ಆಡ್ಬೇಕು ಕಣಯ್ಯಾ!"

"ಕೊನೇಲಾ?"

"ಮೊದಲಿಂದ! ಡೀನ್ ಬೆರಳು ಕುಯ್ಕೊಂಡಿದಾನೆ."

ವೆಂಡೆಲ್ ಕೈಯಲ್ಲಿದ್ದ ಕಾಗದಗಳನ್ನು ಕೆಳಗಿಟ್ಟ. ಅವನಿಗೆ ಸಂತೋಷವಾಗಬೇಕಿತ್ತು. ಸಂತೋಷ ಬಂತು, ಆದರೆ ತಪ್ಪು ವಿಳಾಸಕ್ಕೆ ಹೋಗಿ ಮೂರು ಊರು ಸುತ್ತಿ ಬಂದ ಪಾರ್ಸಲಿನ ಹಾಗೆ ಮೂಲೆಯೆಲ್ಲ ನಜ್ಜುಗುಜ್ಜಾಗಿ ಬಂತು.

"ಕೋಚ್, ಇವತ್ತು ಗೆದ್ರೆ? ಇನ್ನೂ ಮೂರು ಆಟ ಇದೆ ಈ ವರ್ಷ. ಅದಕ್ಕೂ ನಾನೇನಾ?"

"ನೀನು ಗೆದ್ದು ಬಾ. ಮಾತಾಡೋಣ."

ಒಂಬತ್ತು ವರ್ಷದಲ್ಲಿ ಕೋಚ್ ಅವನೊಡನೆ ಏನನ್ನೂ ಮಾತಾಡೋಣ ಎಂದಿರಲಿಲ್ಲ. ಗೆದ್ದರೆ ಜಾಗ ತನ್ನದು ಎಂದು ವೆಂಡೆಲ್ ಲೆಕ್ಕ ಹಾಕಿದ. ಬಿದ್ದು ಬಿದ್ದು ಸವೆದ ಮೊಣಕಾಲು ಬರುವ ವರ್ಷ ಆಡಲು ಬಿಡುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಇದ್ದದ್ದು ಈ ಮೂರು ಆಟ.

ಆದರೆ ಆಟಕ್ಕೆ ಮುಂಚೆ ನಾನೂರ ಹನ್ನೆರಡು ಮನೆಗೆ ಟಪಾಲು ಹಂಚಬೇಕಿತ್ತು. ನಾನೂರ ಹನ್ನೆರಡು ಮನೆಗೂ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು.

ಮೊದಲನೆಯ ಬಾಗಿಲಲ್ಲೇ ಮಿಸೆಸ್ ಓಟಿಂಗರ್ ನಿಂತಿದ್ದರು. ಎಂಬತ್ತೊಂದು ವರ್ಷದ ಮುದುಕಿ, ಕೈಯಲ್ಲಿ ತಟ್ಟೆ.

"ಬಾ ಮಗು, ಪೈ ಮಾಡಿದೀನಿ, ಕುಂಬಳಕಾಯಿದು. ತಿಂದ್ಕೊಂಡು ಹೋಗು. ಖಾಲಿ ಹೊಟ್ಟೇಲಿ ಎಸೆದ್ರೆ ಚೆಂಡು ಬೇಗ ಕೆಳಗೆ ಬೀಳುತ್ತೆ."

"ತಿಂಡಿ ಆಗಿದೆ ಮಿಸೆಸ್ ಓಟಿಂಗರ್."

"ನಮ್ಮ ಯಜಮಾನರು ಆಡ್ತಿದ್ದ ಕಾಲದಲ್ಲಿ ಎರಡು ತುಂಡು ತಿಂದು ಹೋಗೋರು."

"ಗೆಲ್ತಿದ್ರಾ?"

"ಅದನ್ನ ಯಾರು ಕೇಳಿದ್ರು? ತಿನ್ನು."

ತಿಂದ. ಎರಡನೆಯ ಬೀದಿಯಲ್ಲಿ ಇನ್ನೊಬ್ಬರು ಇನ್ನೊಂದು ತುಂಡು ಕೊಟ್ಟರು. ಅಕ್ಟೋಬರ್ ಕೊನೆಯ ವಾರ, ಎಲ್ಲರ ಮನೆಯಲ್ಲೂ ಕುಂಬಳಕಾಯಿಯ ತಿರುಳು ಮಿಕ್ಕಿರುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ವೆಂಡೆಲ್ ಐದು ಮನೆಯ ಪೈ ತಿಂದಿದ್ದ. ಅವನ ನಡಿಗೆ ತುಂಬಿದ ಕೊಡ ಹೊತ್ತವರ ನಡಿಗೆಯಾಗಿತ್ತು.

ಸ್ಯಾಲ್ ಫಿಯೊರೆಲ್ಲೊನ ಕ್ಷೌರದಂಗಡಿಗೆ ಬಂದಾಗ ಒಳಗೆ ನಾಲ್ಕು ಜನ ಇದ್ದರು, ಕ್ಷೌರ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಆ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಒಂದೇ ವಾದ ನಡೆಯುತ್ತಿತ್ತು, ವೆಂಡೆಲ್‌ಗೆ ಒಂದು ಅವಕಾಶ ಕೊಡಬೇಕೋ ಬೇಡವೋ. ಸ್ಯಾಲ್ ಕೊಡಬೇಕು ಎನ್ನುವ ಪಕ್ಷದ ಮುಖಂಡ.

"ಬಾರಯ್ಯ ಬಾ! ನಾನು ಯಾವತ್ತೂ ಹೇಳ್ತಿದ್ದೆ. ಕೂತಿರೋನ್ನ ಎಬ್ಬಿಸಿ ನೋಡ್ರೋ, ಡೀನ್‌ಗಿಂತ ಚೆನ್ನಾಗಿ ಆಡ್ತಾನೆ ಅಂತ."

"ನೀನು ಇವನು ಆಡಿದ್ದನ್ನ ಯಾವತ್ತು ನೋಡಿದೀಯ ಸ್ಯಾಲ್?" ಎಂದ ಕುರ್ಚಿಯಲ್ಲಿದ್ದವನು.

"ನೋಡಿಲ್ಲ. ಅದಕ್ಕೇ ಹೇಳ್ತಿರೋದು. ಡೀನ್‌ನ ತಪ್ಪೆಲ್ಲ ನೋಡಿದೀನಿ. ಇವನದು ಒಂದೂ ನೋಡಿಲ್ಲ!"

"ಲೇ, ಕೂತಿರೋನು ತಪ್ಪು ಮಾಡೋದಾದ್ರೂ ಹೇಗೋ?"

"ಸ್ಯಾಲ್, ನಿನ್ನ ಕಾಗದ," ಎಂದ ವೆಂಡೆಲ್.

"ಕಾಗದ ಇರ್ಲಿ. ದೂರಕ್ಕೆ ಎಸಿ. ಹಾರ್ಕರ್‌ನವರು ಮುಂದೆ ನುಗ್ತಾರೆ."

"ದೂರಕ್ಕೆ ಎಸೀಲೇ ಬೇಡ," ಎಂದ ಇನ್ನೊಬ್ಬ. "ಇವನ ತೋಳಿಗೆ ಅಷ್ಟು ದಮ್ಮಿಲ್ಲ."

"ದಮ್ಮಿಲ್ವಾ? ಹೊರಗೆ ಬಾ, ನೋಡೋಣ!"

ವೆಂಡೆಲ್ ಹೊರಗೆ ಹೋದ, ಆದರೆ ಅವರ ಜೊತೆಯಲ್ಲಿ ಅಲ್ಲ, ತಪ್ಪಿಸಿಕೊಂಡು. ಬೀದಿಯ ಆಚೆ ಬದಿಯಲ್ಲಿ ಮಿಸ್ಟರ್ ಬೀಚಮ್ ಬೇಲಿಗೆ ಒರಗಿ ನಿಂತು ಕಾಯುತ್ತಿದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಅವರ ದನಿ ಕೇಳಿದರೆ ಈಗಲೂ ಹೊಟ್ಟೆ ಒಳಗೆ ಹೋಗುತ್ತದೆ.

"ಕ್ರುಪಾ! ನಿನ್ನ ಮೊಣಕೈ ಕೆಳಗೆ ಬೀಳುತ್ತೆ. ಸ್ಕೂಲಲ್ಲೂ ಬೀಳ್ತಿತ್ತು. ಎಸೆದು ತೋರ್ಸು."

"ಚೆಂಡಿಲ್ಲ ಸಾರ್. ಟಪಾಲು ಹಂಚ್ತಿದೀನಿ."

"ಕೈಯಲ್ಲಿ ಏನದು? ಸುತ್ತಿರೋದು?"

ಅದು ಮಿಸೆಸ್ ಓಟಿಂಗರ್‌ಗೆ ಬಂದಿದ್ದ ಹೂವಿನ ಬೀಜ ಮಾರುವವರ ಪಟ್ಟಿಯ ಪುಸ್ತಕ. ಪೈ ತಿನ್ನುವ ಗಡಿಬಿಡಿಯಲ್ಲಿ ಕೊಡುವುದು ಮರೆತಿದ್ದ. ಮೇಷ್ಟ್ರ ಮುಂದೆ ಇಪ್ಪತ್ತು ವರ್ಷದ ಹಿಂದಿನ ಹುಡುಗನಾಗಿ ವೆಂಡೆಲ್ ಮೊಣಕೈ ಎತ್ತಿ ಎಸೆದ. ಪುಸ್ತಕ ಚೆಂದವಾಗಿ ತಿರುಗುತ್ತ ಹೋಯಿತು. ಕ್ಷೌರದಂಗಡಿಯವರು ಕಿಟಕಿಯಲ್ಲಿ ಚಪ್ಪಾಳೆ ತಟ್ಟಿದರು. ಪುಸ್ತಕ ಬೀಚಮ್‌ರ ಮನೆಯ ಸೂರಿನ ತುದಿಯ ಮಳೆನೀರಿನ ದೋಣಿಯಲ್ಲಿ ಹೋಗಿ ಕೂತಿತು.

"ಮೊಣಕೈ ಪರವಾಗಿಲ್ಲ," ಎಂದರು ಬೀಚಮ್. "ಗುರಿ ಇಲ್ಲ."

ಇನ್ನೊಬ್ಬರ ಟಪಾಲನ್ನು ಸೂರಿನ ಮೇಲೆ ಬಿಟ್ಟು ಹೋಗುವಂತಿಲ್ಲ. ಏಣಿ ಮೂರು ಮನೆ ಆಚೆ ಇತ್ತು. ಏಣಿಯವನು ಕೊಡುವ ಮುಂಚೆ ತನ್ನ ಅಭಿಪ್ರಾಯವನ್ನೂ ಕೊಟ್ಟ, ಅವನ ಹೆಂಡತಿ ಆರನೆಯ ತುಂಡು ಪೈ ಕೊಟ್ಟಳು. ಏಣಿಯ ಮೊಳೆಗೆ ಸಿಕ್ಕಿ ಪ್ಯಾಂಟಿನ ಮೊಣಕಾಲು ಹರಿಯಿತು. ಕೆಳಗೆ ನಿಂತ ಎಂಟು ಜನ ಎಂಟು ರೀತಿಯಲ್ಲಿ ಏಣಿ ಹತ್ತುವುದನ್ನು ಹೇಳಿಕೊಟ್ಟರು. ಪುಸ್ತಕ ಮತ್ತೆ ಚೀಲ ಸೇರಿತು.

ಇಷ್ಟರ ನಡುವೆಯೂ ವೆಂಡೆಲ್ ಮನಸ್ಸಿನಲ್ಲೇ ವರಸೆಗಳನ್ನು ಒಪ್ಪಿಸಿಕೊಳ್ಳುತ್ತಿದ್ದ. ನಮ್ಮವು ಮೂವತ್ತಾರು ಇದ್ದವು. ಪುಸ್ತಕದಲ್ಲಿ ಓದಿ ಎಲ್ಲ ಬಾಯಿಪಾಠ. ಆದರೆ ಪ್ರತಿ ಸಲ ಕಣ್ಣು ಮುಚ್ಚಿದಾಗಲೂ ಬುಧವಾರ ಗುರುವಾರ ಆಡಿದ ಹಾರ್ಕರ್‌ನವರ ವರಸೆಯೇ ಕಾಲಲ್ಲಿ ಬರುತ್ತಿತ್ತು. ತಲೆ ನಮ್ಮೂರಲ್ಲಿತ್ತು, ಕಾಲು ಹೊಳೆಯಾಚೆ.

ಮೈದಾನಕ್ಕೆ ಅವನು ಬಂದಾಗ ಎರಡು ಮುಕ್ಕಾಲು. ಲೊರೇನ್ ಗೇಟಿನಲ್ಲಿ ಅವನ ಅಂಗಿ ಹಿಡಿದು ನಿಂತಿದ್ದಳು.

"ಎಲ್ಲಿ ಹೋಗಿದ್ದೆ? ಪ್ಯಾಂಟಿಗೇನಾಯ್ತು?"

"ಸೂರು ಹತ್ತಿದ್ದೆ."

ಲೊರೇನ್ ಹೆಚ್ಚು ಕೇಳಲಿಲ್ಲ. ಅವನ ಮುಖ ನೋಡಿದಳು. "ಹೊಟ್ಟೆ ನೋವಾ?"

"ಆರು ಪೈ."

"ವೆಂಡೆಲ್, ಬೇಡ ಅನ್ನೋಕೆ ನಿನಗೆ ಯಾವತ್ತು ಬರುತ್ತೆ?" ಎಂದು ಅಂಗಿ ತೊಡಿಸಿ, ಭುಜದ ಮೇಲಿನ ಸುಕ್ಕು ಎಳೆದಳು. "ಹೋಗು. ಕೊಳೆ ಮಾಡ್ಕೊಂಡು ಬಾ."

ಧ್ವನಿವರ್ಧಕದಲ್ಲಿ ಅವನ ಹೆಸರನ್ನು ಮೊಟ್ಟಮೊದಲು ಕೂಗಿದರು. ಎರಡು ಸಾವಿರ ಜನ ಎದ್ದು ನಿಂತರು. "ವೆಂಡೆಲ್! ವೆಂಡೆಲ್!" ಸ್ಯಾಲ್ ಟೋಪಿ ಬೀಸುತ್ತಿದ್ದ. ಡೀನ್ ಬೆಂಚಿನ ಮೇಲೆ ಕೂತು, ಬ್ಯಾಂಡೇಜು ಸುತ್ತಿ ಬಲ್ಬಿನಷ್ಟು ದಪ್ಪಗಾಗಿದ್ದ ಹೆಬ್ಬೆರಳನ್ನು ಎತ್ತಿ ಶುಭ ಕೋರಿದ.

ಮೊದಲ ಸಲವೇ ಚೆಂಡು ಕೈಗೆ ಬರಲಿಲ್ಲ. ಮುಂದೆ ಬಗ್ಗಿ ನಿಂತು ಚೆಂಡನ್ನು ಕಾಲಸಂದಿಯಿಂದ ಹಿಂದಕ್ಕೆ ಕೊಡುವವನು ಗಸ್ ಬ್ರಾಂಟ್, ಬೇಕರಿಯವನು, ಒಲೆಯಷ್ಟು ಅಗಲದ ಆಳು. ಅವನು ಕೊಟ್ಟದ್ದು ವೆಂಡೆಲ್‌ನ ಮಂಡಿಗೆ ತಗುಲಿ ಹಾರ್ಕರ್‌ನವರ ಪಾಲಾಯಿತು.

"ತಪ್ಪು ತಿಳ್ಕೋಬೇಡ ಕಣೋ," ಎಂದ ಗಸ್. "ಈ ವರಸೆಗೆ ಡೀನ್ ದನಿ ಕೇಳಿದ್ರೇನೇ ನನ್ನ ಕೈ ಏಳೋದು."

ಎಲ್ಲರದ್ದೂ ಅದೇ ಕತೆ. ನಮ್ಮ ವರಸೆಗಳನ್ನು ಅವರು ಆಡಿದ್ದೆಲ್ಲ ಡೀನ್ ಜೊತೆ. ಡೀನ್ ಎಸೆಯುವ ಹೊತ್ತಿಗೆ ಓಡುವವರು ತಿರುಗುತ್ತಿದ್ದರು, ವೆಂಡೆಲ್ ಎಸೆದದ್ದು ಅವರ ಬೆನ್ನಿಗೆ ಬಡಿಯುತ್ತಿತ್ತು. ಒಂದು ಚೆಂಡು ವಾದ್ಯದವರ ದೊಡ್ಡ ಕಹಳೆಯೊಳಗೆ ಹೋಯಿತು. ಹಾರ್ಕರ್‌ನವರು ವಾರವೆಲ್ಲ ನಮ್ಮ ವರಸೆಗಳನ್ನೇ ತಡೆದು ತಡೆದು ಅಭ್ಯಾಸ ಮಾಡಿ ಬಂದಿದ್ದರು, ವೆಂಡೆಲ್ ಬಾಯಿ ತೆರೆಯುವ ಮೊದಲೇ ಅವನು ಹೋಗುವ ಕಡೆ ನಿಂತಿರುತ್ತಿದ್ದರು. ಅರ್ಧ ಆಟ ಮುಗಿದಾಗ ಹಾರ್ಕರ್ ಹದಿಮೂರು, ಬ್ರಾಸ್‌ಫೀಲ್ಡ್ ಸೊನ್ನೆ. ಅಷ್ಟೇ ಕೊಟ್ಟದ್ದು ನಮ್ಮ ತಡೆಯುವವರ ಪುಣ್ಯ.

"ಡೀನ್! ಡೀನ್!" ಎಂದು ಜನ ಕೂಗತೊಡಗಿದರು. ಸ್ಯಾಲ್ ದನಿ ಎಲ್ಲರಿಗಿಂತ ಮೇಲಿತ್ತು.

"ಒಂಬತ್ತೇ ಬೆರಳಿದ್ರೂ ಅವನೇ ವಾಸಿ ಕಣ್ರೋ!"

"ಬೆಳಿಗ್ಗೆ ನೀನೇ ಅಲ್ವೇನೋ—"

"ಬೆಳಿಗ್ಗೆ ನಾನು ಇವನ ಆಟ ನೋಡಿರ್ಲಿಲ್ಲ!"

ಬಿಡುವಿನಲ್ಲಿ ಕೋಚ್ ಸ್ಟೋಲ್ಟ್ಸ್ ವೆಂಡೆಲ್ ಪಕ್ಕ ಬಂದು ಕೂತರು. "ಬೇರೆಯವನನ್ನ ಇಳಿಸ್ತಿದ್ದೆ," ಎಂದರು. "ಬೇರೆಯವನಿಲ್ಲ."

ಉಳಿದರ್ಧ ಶುರುವಾಯಿತು. ವೆಂಡೆಲ್ ಮತ್ತೆರಡು ಸಲ ಬಿದ್ದ. ಮೂರನೆಯ ಸಲ ಆಟಗಾರರು ಅವನ ಸುತ್ತ ತಲೆ ಕೂಡಿಸಿ, ಯಾವ ವರಸೆ ಎಂದು ಕಾದರು. ಅವನಿಗೆ ಸಾಕಾಗಿತ್ತು. ಹೊಟ್ಟೆಯೊಳಗೆ ಪೈ, ಬೆನ್ನೊಳಗೆ ಒಂಬತ್ತು ವರ್ಷ. ಮೂವತ್ತಾರರಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬಾಯಿ ತಾನಾಗಿಯೇ ಬುಧವಾರದ ಮಾತಾಡಿತು.

"ಹಾರ್ಕರ್ ಏಳು, ಎಡಕ್ಕೆ."

ಗಸ್‌ನ ಮುಖ ತನ್ನ ಬೀದಿ ಗುರುತು ಸಿಕ್ಕಿದವನ ಮುಖವಾಯಿತು. "ಅಷ್ಟು ತಾನೇ? ಮೊದ್ಲೇ ಹೇಳ್ಬಾರ್ದಾ!"

ವೆಂಡೆಲ್ ಜೊತೆ ನಿಂತಾಗಲೆಲ್ಲ ಈ ಜನ ಶತ್ರುಗಳಾಗಿಯೇ ಆಡಿದ್ದರು, ಒಂಬತ್ತು ವರ್ಷ, ಪ್ರತಿ ಬುಧವಾರ. ಹಾರ್ಕರ್‌ನವರ ಏಳನೆಯ ವರಸೆ ಎಂದ ಕೂಡಲೇ ಹನ್ನೊಂದು ಜನರ ಕಾಲಿಗೂ ತಂತಾನೇ ದಾರಿ ತಿಳಿಯಿತು. ವೆಂಡೆಲ್ ವೆಂಡೆಲ್ ಆಗಿ ಉಳಿಯಲಿಲ್ಲ. ಹಾರ್ಕರ್‌ನ ಕ್ವಾರ್ಟರ್‌ಬ್ಯಾಕ್ ರಾಯ್ ಬಕ್ಲಿಯಾದ. ಬಕ್ಲಿಯ ಹಾಗೆ ಸೊಂಟದ ಪಟ್ಟಿ ಎಳೆದುಕೊಂಡ, ಬಕ್ಲಿಯ ಹಾಗೆ ಎಡಕ್ಕೆ ಉಗುಳಿದ, ಬಕ್ಲಿಯ ಹಾಗೆ ಬಲಗಾಲು ಎಳೆಯುತ್ತ ಹಿಂದೆ ಸರಿದು, ಮೈಯನ್ನೆಲ್ಲ ತಿರುಚಿ ಎಸೆದ. ಚೆಂಡು ಓಡುವವನ ಕೈಗೆ, ವಿಳಾಸ ತಪ್ಪದ ಟಪಾಲಿನ ಹಾಗೆ ಹೋಗಿ ಕೂತಿತು. ಅವನು ಅದನ್ನು ಹಿಡಿದು ಹಾರ್ಕರ್‌ನವರ ಕೊನೆಯ ಗೆರೆ ದಾಟಿದ, ಟಚ್‌ಡೌನ್, ಆರು ಅಂಕ. ಆಮೇಲಿನ ಒದೆತದ ಒಂದೂ ಸೇರಿ ಏಳು.

ಹಾರ್ಕರ್‌ನವರು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ಅದು ನಮ್ದು ಕಣ್ರೋ!" ಎಂದ ಒಬ್ಬ.

ಅಂಚಿನಲ್ಲಿ ನಿಂತಿದ್ದ ರಾಯ್ ಬಕ್ಲಿ ಪಕ್ಕದವನ ತೋಳು ಹಿಡಿದು ಕೇಳಿದ, "ನಾನು ನಿಜವಾಗ್ಲೂ ಹಾಗೆ ಉಗೀತೀನಾ?"

ಹಾರ್ಕರ್ ಕೋಚ್ ಓರ್ವಿಲ್ ಟ್ಯಾಗರ್ಟ್ ಹ್ಯಾಟು ನೆಲಕ್ಕೆ ಬಡಿದು ರೆಫರಿಯ ಹತ್ತಿರ ಓಡಿದರು. "ಅವನು ನಮ್ಮ ವರಸೆ ಆಡ್ತಿದಾನೆ!"

"ಆಡಬಾರದು ಅಂತ ನಿಯಮದ ಪುಸ್ತಕದಲ್ಲಿ ಇಲ್ಲ ಓರ್ವಿಲ್."

"ಮತ್ತೆ ನಾವು ಹೇಗೆ ತಡೆಯೋದು? ನಾವು ಅಭ್ಯಾಸ ಮಾಡಿರೋದು ಅವರದನ್ನ ತಡೆಯೋಕೆ. ನಮ್ಮದನ್ನ ಅಲ್ಲ!"

ಅವರು ತಡೆಯಲಾರದೇ ಹೋದರು. ಆಟ ಮುಗಿಯಲು ಒಂದೂವರೆ ನಿಮಿಷ ಇರುವಾಗ ವೆಂಡೆಲ್ ಹಾರ್ಕರ್ ಹನ್ನೊಂದು ಆಡಿದ. ಹಾರ್ಕರ್‌ನವರಿಗೇ ಆ ವರ್ಷ ಒಂದು ಸಲವೂ ಸರಿಯಾಗಿ ಕೂಡಿಬಾರದ ವರಸೆ ಅದು. ವೆಂಡೆಲ್‌ಗೆ ಕೂಡಿಬಂತು. ಹದಿನಾಲ್ಕು, ಹದಿಮೂರು. ನಾವು ಗೆದ್ದೆವು.

ಜನ ಮೈದಾನಕ್ಕೆ ನುಗ್ಗಿದರು. "ಒಂಬತ್ತು ವರ್ಷದಿಂದ ಬಾಯಿ ಬಡ್ಕೊಂಡೆ, ಯಾರೂ ಕೇಳ್ಲಿಲ್ಲ!" ಎಂದು ಸ್ಯಾಲ್ ಸಿಕ್ಕಿದವರ ಕೊರಳು ತಬ್ಬಿ ಕೂಗುತ್ತಿದ್ದ. ನಾಲ್ಕು ಜನ ವೆಂಡೆಲ್‌ನನ್ನು ಹೆಗಲ ಮೇಲೆ ಎತ್ತಿದರು. ಆರು ಪೈ ತಿಂದಿದ್ದ ಆಳು, ಹತ್ತು ಹೆಜ್ಜೆಗೇ ಇಳಿಸಿದರು. ಇಳಿಸಿದ್ದು ಸರಿಯಾಗಿ ಕೋಚ್ ಸ್ಟೋಲ್ಟ್ಸ್ ಮುಂದೆ.

"ಕೋಚ್," ಎಂದ ವೆಂಡೆಲ್. ಅವನ ಏದುಸಿರು ಇನ್ನೂ ಇಳಿದಿರಲಿಲ್ಲ. "ಗೆದ್ದು ಬಂದೆ. ಮಾತಾಡೋಣ ಅಂದಿದ್ರಿ."

"ಮಾತಾಡೋಣ," ಎಂದರು ಕೋಚ್. ಅವರ ಕಣ್ಣು ಒದ್ದೆಯಾಗಿತ್ತು. ವೆಂಡೆಲ್‌ನ ಎರಡೂ ಭುಜ ಹಿಡಿದುಕೊಂಡರು. "ಇವತ್ತು ನನ್ನ ಕಣ್ಣು ತೆರೀತು ವೆಂಡೆಲ್. ನಿನ್ನ ಬೆಲೆ ನನಗೆ ಗೊತ್ತೇ ಇರ್ಲಿಲ್ಲ. ಹಾರ್ಕರ್‌ನವರು ಬರೀ ಹದಿಮೂರಕ್ಕೆ ನಿಂತ್ರಲ್ಲ, ಯಾಕೆ? ನಮ್ಮ ತಡೆಯೋರು ಎರಡು ದಿನ ಅಪ್ಪಟ ಬಕ್ಲೀನ ಎದುರಿಸಿದ್ರು. ಈ ಜಿಲ್ಲೇಲಿ ಯಾವ ಕೋಚಿಗೂ ಅಂಥ ಭಾಗ್ಯ ಇಲ್ಲ."

"ಹಾಗಾದ್ರೆ ಬರೋ ಶನಿವಾರ—"

"ಬರೋ ಶನಿವಾರ ವೆಕ್ಸ್ಲರ್‌ನವರು. ಅವರ ಹುಡುಗ ಎಡಗೈಯವನು. ಬುಧವಾರ ಅವನಾಗೋರು ಯಾರು? ಡೀನ್ ಆಗ್ತಾನಾ? ಡೀನ್ ಜನ್ಮದಲ್ಲಿ ಡೀನ್ ಬಿಟ್ಟು ಇನ್ನೇನೂ ಆಗಲ್ಲ! ಗುರುವಾರ ಅವನ ಹೊಲಿಗೆ ಬಿಚ್ತಾರೆ, ಶನಿವಾರ ಅವನು ಆಡ್ಕೊಳ್ಲಿ. ನಿನ್ನನ್ನ ಆಟಕ್ಕಿಳಿಸಿ ಕೈಯೋ ಕಾಲೋ ಮುರಿಸಿಕೊಂಡ್ರೆ ನನ್ನ ಗತಿಯೇನು? ಇನ್ನು ಮೇಲೆ ಶನಿವಾರ ನಿನ್ನನ್ನ ಮೈದಾನದ ಹತ್ತಿರಕ್ಕೂ ಬಿಡಲ್ಲ."

ವೆಂಡೆಲ್ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಲೊರೇನ್ ಹತ್ತಿರ ಬಂದು ನಿಂತಿದ್ದಳು. ಅವನ ಅಂಗಿಯಲ್ಲಿ ಎಲ್ಲಿ ನೋಡಿದರೂ ಕೆಸರು. ಅವಳು ಅದನ್ನು ನೋಡಿ ನಗಬೇಕೆಂದಿದ್ದವಳು ನಗಲಿಲ್ಲ.

ಆಗ ಜನರನ್ನು ತಳ್ಳಿಕೊಂಡು ಓರ್ವಿಲ್ ಟ್ಯಾಗರ್ಟ್ ಬಂದರು. ಹ್ಯಾಟಿಗೆ ಮಣ್ಣು ಮೆತ್ತಿತ್ತು. ವೆಂಡೆಲ್‌ನ ಕೈ ಹಿಡಿದು ಕುಲುಕಿದರು, ಬಿಡಲಿಲ್ಲ.

"ನಮ್ಮ ಹನ್ನೊಂದನೇ ವರಸೆ ನಾನೇ ಕಟ್ಟಿದ್ದಪ್ಪಾ. ನಾಲ್ಕು ವರ್ಷದಿಂದ ಒಬ್ಬರೂ ಸರಿಯಾಗಿ ಆಡಿರ್ಲಿಲ್ಲ. ಇವತ್ತು ನೋಡ್ದೆ. ಸೋತೆ, ಆದ್ರೂ ನೋಡ್ದೆ. ಇವರು ನಿನ್ನನ್ನ ಹೀಗೆ ಇಟ್ಕೊಂಡಿದಾರಾ? ನಮ್ಮೂರಿಗೆ ಬಾ. ಸೋಮವಾರದಿಂದಲೇ ಬಾ. ನಮ್ಮ ಪುಸ್ತಕ ನಿನ್ನಷ್ಟು ತಿಳಿದೋರು ನಮ್ಮಲ್ಲೇ ಇಲ್ಲ."

ಸೇತುವೆಯಾಚೆಗೆ! ನಮ್ಮೂರಿನ ಇತಿಹಾಸದಲ್ಲೇ ಯಾರೂ ಮಾಡದ ಕೆಲಸ. ಆದರೆ ವೆಂಡೆಲ್‌ನ ಕಣ್ಣಲ್ಲಿ ಸಣ್ಣದೊಂದು ದೀಪ ಹತ್ತಿದ್ದು ಹತ್ತಿರ ನಿಂತವರಿಗೆಲ್ಲ ಕಾಣಿಸಿತು.

"ಅಂದ್ರೆ ಬಕ್ಲಿ ಆಡೋದು ಬಿಡ್ತಿದಾನಾ?"

"ರಾಯ್‌ನಾ? ಛೆ, ಅವನು ನನ್ನ ತಂಗಿ ಮಗ. ಇನ್ನೂ ಹತ್ತು ವರ್ಷ ಆಡ್ತಾನೆ," ಎಂದರು ಟ್ಯಾಗರ್ಟ್ ಉತ್ಸಾಹದಿಂದ. "ಆದ್ರೆ ಅವನೂ ನಾಳೆ ಕುಂಬಳಕಾಯಿ ಕುಯ್ಯಕ್ಕೆ ಕೂತ್ರೆ? ಅಕಸ್ಮಾತ್ತಿಗೆ ಅಂತ ಒಬ್ಬ ಒಳ್ಳೆಯವನು ಕೂತಿರಬೇಕಲ್ಲ!"

"ಏಯ್ ಓರ್ವಿಲ್!" ಕೋಚ್ ಸ್ಟೋಲ್ಟ್ಸ್ ವೆಂಡೆಲ್‌ನ ಇನ್ನೊಂದು ಕೈ ಹಿಡಿದರು. "ಕೈ ಬಿಡು. ಅವನು ನಮ್ಮ ಬದಲಿ."

"ನಿಮಗೆ ಅವನನ್ನ ಕೂರಿಸೋಕೆ ಬರಲ್ಲ. ನಮ್ಮಲ್ಲಿ ಮರ್ಯಾದೆಯಿಂದ ಕೂರಿಸ್ತೀವಿ!"

"ಬಿಡ್ಬೇಡಿ ಕೋಚ್!" ಎಂದು ಸ್ಯಾಲ್ ನಡುವೆ ತೂರಿದ. "ಇವನು ಆಚೆ ಊರಿಗೆ ಹೋದ್ರೆ ನಮ್ಮ ಅಂಗಡೀಲಿ ಮಾತಾಡೋಕೆ ಏನು ಉಳಿಯುತ್ತೆ? ಇವನಿಗೆ ಒಂದು ಅವಕಾಶ ಕೊಡಿ ಅಂತ ನಾವು ಬರೋ ವರ್ಷಾನೂ ಕೇಳ್ಬೇಕಲ್ಲ!"

"ನನ್ನ ಬೀಜದ ಪುಸ್ತಕ ಎಲ್ಲಿ?" ಎಂದು ಹಿಂದಿನಿಂದ ಮಿಸೆಸ್ ಓಟಿಂಗರ್ ಕೇಳುತ್ತಿದ್ದರು. ಯಾರೂ ಗಮನಿಸಲಿಲ್ಲ.

ಇಬ್ಬರು ಕೋಚುಗಳು ಎರಡು ಕಡೆ ಎಳೆಯುತ್ತಿದ್ದರು. ಒಂಬತ್ತು ವರ್ಷದಲ್ಲಿ ವೆಂಡೆಲ್ ಇಷ್ಟು ಬೇಕಾದವನು ಎಂದೂ ಆಗಿರಲಿಲ್ಲ. ಅವನು ಲೊರೇನ್‌ನನ್ನು ನೋಡಿದ. ಬೇಡ ಅನ್ನು ಎಂದು ಅವಳ ಹುಬ್ಬು ಹೇಳುತ್ತಿತ್ತು. ಅವನು ಬಾಯಿ ತೆರೆದ. ಬೆನ್ನು ಹಿಡಿದುಕೊಂಡಿತ್ತು, ಸ್ವಲ್ಪ ಬಗ್ಗಿಯೇ ಟ್ಯಾಗರ್ಟ್ ಕಡೆ ತಿರುಗಿದ.

"ನಿಮ್ಮ ಬೆಂಚಿಗೆ ಬೆನ್ನು ಒರಗಿಸೋಕೆ ಹಲಗೆ ಇದೆಯಾ?"

ಟ್ಯಾಗರ್ಟ್ ಈ ಪ್ರಶ್ನೆ ನಿರೀಕ್ಷಿಸಿರಲಿಲ್ಲ. ಪ್ರಾಮಾಣಿಕ ಮನುಷ್ಯ, ಯೋಚಿಸಿದರು. "ಇಲ್ಲ," ಎಂದರು.

"ಕೇಳ್ಸಿತಾ? ಇಲ್ವಂತೆ!" ಎಂದು ಕೋಚ್ ಸ್ಟೋಲ್ಟ್ಸ್ ಗೆದ್ದವರ ಹಾಗೆ ಅವನ ಬೆನ್ನು ತಟ್ಟಿದರು. "ನಮ್ಮದಕ್ಕೂ ಇಲ್ಲ. ಆದ್ರೆ ನಮ್ಮದು ನಿನಗೆ ಅಭ್ಯಾಸ ಆಗಿದೆ."